ಎರವಲು ತಂದ ಕ್ಯಾಮರಾ

ಬಿ.ಕಾಂ. ಓದುವ ನಮಗೆ 1872ರ ಭಾರತೀಯ ಕರಾರು ಕಾಯಿದೆ ತಪ್ಪಿದ್ದಲ್ಲ. ಅದರ 148ನೇ ಕಲಮಿನಲ್ಲಿ ‘ಬೇಲ್‌ಮೆಂಟ್’ ಎಂಬ ಶಬ್ದ ಬರುತ್ತದೆ. ಹೈಸ್ಕೂಲಿನವರೆಗೆ ಕನ್ನಡದಲ್ಲೇ ಓದಿದ ನನಗೆ ಅದು ಬಹಳ ದಿನ ಬರೇ ಬಾಯಿಪಾಠವಾಗಿತ್ತು. ಒಬ್ಬರ ವಸ್ತು ಯಾವುದೋ ಒಂದು ಉದ್ದೇಶಕ್ಕೆ ಇನ್ನೊಬ್ಬರ ಕೈಗೆ ಹೋಗಬೇಕು, ಕೆಲಸ ಮುಗಿದ ಮೇಲೆ ಮರಳಿ ಬರಬೇಕು. ಅದರ ಸಾರ ಇಷ್ಟೇ. ಅಮ್ಮ ಪಕ್ಕದ ಮನೆಯಿಂದ ದೊಡ್ಡ ಇಡ್ಲಿ ಪಾತ್ರೆ ತರುತ್ತಾಳಲ್ಲ, ಅದೂ ಬೇಲ್‌ಮೆಂಟೇ! ನಾವು ಅದಕ್ಕೆ ಎರವಲು ಅನ್ನುತ್ತೇವೆ.

ಮುಂದೆ 151ನೇ ಕಲಮು. ಎರವಲು ತಂದವನು ಎಷ್ಟು ಜೋಪಾನ ಮಾಡಬೇಕು? ಸಾಮಾನ್ಯ ವಿವೇಕವುಳ್ಳ ಮನುಷ್ಯ ಅಂಥದೇ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಇಷ್ಟೇ ಸಾಲದು ಎಂದು ನಮ್ಮ ಸಂಘಕ್ಕೆ ಕಳೆದ ಮಳೆಗಾಲದಲ್ಲಿ ಗೊತ್ತಾಯಿತು.

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕಗಳಲ್ಲದೆ ಒಂದು ಉಕ್ಕಿನ ಕಪಾಟಿನಲ್ಲಿ ವೀಡಿಯೊ ಕ್ಯಾಮರಾ, ಟ್ರೈಪಾಡ್, ಅಂಗಿಗೆ ಸಿಕ್ಕಿಸುವ ಮೈಕು ಇವೆ. ಐಡೆಂಟಿಟಿ ಕಾರ್ಡ್ ಒಪ್ಪಿಸಿ, ಒಬ್ಬ ಪ್ರಾಧ್ಯಾಪಕರ ಸಹಿ ತಂದರೆ ಎರಡು ದಿನಕ್ಕೆ ಕೊಡುತ್ತಾರೆ. “ಎಲ್ಲರ ಕಿಸೆಯಲ್ಲೂ ಮೊಬೈಲ್ ಇದೆಯಲ್ಲ, ಈ ಉಸಾಬರಿ ಯಾಕೆ?” ಅಂತ ನೀವು ಕೇಳಬಹುದು. ಮೊಬೈಲನ್ನು ಎದುರಿಗೆ ಹಿಡಿದರೆ ಅದು ಮನುಷ್ಯನ ಮಾತಿನ ಜೊತೆಗೆ ಫ್ಯಾನಿನ ಸದ್ದನ್ನೂ ಕುಕ್ಕರಿನ ಸೀಟಿಯನ್ನೂ ನುಂಗುತ್ತದೆ. ಮಾತಾಡುವವರ ಎದೆಯ ಮೇಲೆ ಮೈಕು ಇದ್ದರೆ ಮೆಲುದನಿಯೂ ಉಳಿಯುತ್ತದೆ.

ನಮಗೆ ಬೇಕಾಗಿದ್ದುದು ಅಂಥ ಒಂದು ಮೆಲುದನಿಯೇ. ಕುಂದಾಪುರದ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದು, ಕೋಟೆಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತ ಅಜ್ಜ ಒಬ್ಬರು ಡೊಂಬಿವಲಿಯ ಮಗನ ಮನೆಯಲ್ಲಿದ್ದರು. ಇನ್ನು ಊರಲ್ಲೇ ಇರುತ್ತೇನೆ ಎಂದು ಗಂಟುಮೂಟೆ ಕಟ್ಟಿ ಕೂತಿದ್ದರು. ನಮಗೆ ಸಿಕ್ಕಿದ್ದು ಒಂದೇ ಭಾನುವಾರ.

ಅಜ್ಜ ಚೆನ್ನಾಗಿ ಶುರು ಮಾಡಿದರು. ಒದ್ದೆ ಕೈಯಲ್ಲೇ ಸ್ಲೇಟು ಹಿಡಿದದ್ದು, ಬೆಂಚಿನ ಮೇಲೆ ತೂಕಡಿಸಿದ್ದು, ಎಲ್ಲಾ ಬಂತು. ಮನಿಯಾರ್ಡರ್ ಫಾರ್ಮಿನಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಬಿಡಿಸಿ, ತಾಯಿಗೆ ತಾನೇ ನಾಲ್ಕು ಸಾಲು ಬರೆಯುವಂತೆ ಮಾಡಿದ ಮೇಷ್ಟ್ರ ಮಾತು ಬಂತು. ಆಗಲೇ ಕ್ಯಾಮರಾ ಕಣ್ಣು ಮುಚ್ಚಿತು! ಪೂರ್ತಿ ಚಾರ್ಜ್ ಇದೆ ಎಂದು ತೋರಿಸುತ್ತಿದ್ದ ಬ್ಯಾಟರಿ ಇಪ್ಪತ್ತೇ ನಿಮಿಷಕ್ಕೆ ಕೈಕೊಟ್ಟಿತ್ತು. ಚಾರ್ಜರ್ ಹಾಕಿದರೆ ಪಿನ್ನು ಸಡಿಲ. “ಎಂತ ಮಕ್ಳೇ, ನಿಮ್ಮ ಮಿಷನಿಗೂ ನಿದ್ದೆ ಬಂತಾ?” ಅಂದರು ಅಜ್ಜ. ಉಳಿದದ್ದನ್ನು ಮೊಬೈಲಿನಲ್ಲೇ ಹಿಡಿದೆವು. ಕಿಟಕಿಯ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಈಗ ಹಾಕಿ ನೋಡಿದರೆ ಅಜ್ಜನ ತುಟಿ ಅಲ್ಲಾಡುತ್ತದೆ, ಕೇಳುವುದು ಮಳೆ. ತಾಯಿಗೆ ಬರೆದ ನಾಲ್ಕು ಸಾಲು ಯಾವುವು? ಊರಿಗೆ ಫೋನು ಮಾಡಿದರೆ ಅಜ್ಜನಿಗೆ ಸರಿಯಾಗಿ ಕಿವಿ ಕೇಳುವುದಿಲ್ಲ. “ಅವತ್ತೇ ಹೇಳಿದೆನಲ್ಲ” ಅನ್ನುತ್ತಾರೆ.

ಮರಳಿಸುವಾಗ ರಿಜಿಸ್ಟರ್ ನೋಡಿದೆವು. ನಮಗಿಂತ ಹಿಂದೆ ತೆಗೆದುಕೊಂಡವನು ‘ಎಲ್ಲಾ ಸರಿಯಿದೆ’ ಎಂದು ಸಹಿ ಹಾಕಿದ್ದ. ಅವನು ನಮಗೆ ಪರಿಚಯದವನೇ, ಒಳ್ಳೆಯ ಹುಡುಗ. ಕೇಳಿದ್ದಕ್ಕೆ, “ಬ್ಯಾಟರಿ ಆಗ್ಲೇ ತೊಂದ್ರೆ ಕೊಡ್ತಿತ್ತು ಮಾರಾಯ. ಹೇಳಿದ್ರೆ ದಂಡ ನನ್ನ ತಲೆಗೆ ಬರ್ತದೆ ಅಂತ ಸುಮ್ಮನಿದ್ದೆ” ಅಂದ.

ಅವನನ್ನು ಬೈದು ಏನು ಪ್ರಯೋಜನ? ತಿಂಗಳ ಪಾಸಿಗೇ ಲೆಕ್ಕ ಹಾಕುವ ಮನೆಗಳಿಂದ ಬಂದವರು ನಾವು. ಹೆದರಿಕೆ ಸಹಜ. ಆದರೆ ಮಿತ್ರರೇ, ಕಾಯಿದೆ ಈ ಹೆದರಿಕೆಯ ಪರ ಇಲ್ಲ. ತನಗೆ ಗೊತ್ತಿರುವ, ಬಳಕೆಗೆ ಅಡ್ಡಿಯಾಗುವ ದೋಷವನ್ನು ಕೊಡುವವನು ಹೇಳಿಯೇ ಕೊಡಬೇಕು ಎನ್ನುತ್ತದೆ 150ನೇ ಕಲಮು. ತಕ್ಕಷ್ಟು ಜೋಪಾನ ಮಾಡಿದ ಮೇಲೂ ವಸ್ತು ಕೆಟ್ಟರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತಂದವನು ಹೊಣೆಯಲ್ಲ ಎನ್ನುತ್ತದೆ 152. ಹಾಗಿದ್ದೂ ಇಲ್ಲಿ ಆದದ್ದೇನು? ಗೊತ್ತಿದ್ದವನು ಹೇಳಲಿಲ್ಲ, ಹೇಳಬೇಕಾದ ಲೈಬ್ರರಿಗೆ ಗೊತ್ತಿರಲಿಲ್ಲ. ಅಮ್ಮ ಇಡ್ಲಿ ಪಾತ್ರೆ ಹಿಂದೆ ಕೊಡುವಾಗ “ಹಿಡಿ ಸ್ವಲ್ಪ ಅಲ್ಲಾಡ್ತದೆ, ನೋಡಿಕೊಳ್ಳಿ” ಅಂತ ಹೇಳಿಯೇ ಕೊಡುತ್ತಾಳೆ. ಜೋಪಾನ ಅಂದರೆ ಒರೆಸಿ ಇಡುವುದಷ್ಟೇ ಅಲ್ಲ, ಅದರ ಕುಂದನ್ನು ಮುಂದಿನವರಿಗೆ ತಿಳಿಸುವುದೂ ಹೌದು.

ಇದನ್ನೇ ಲೈಬ್ರರಿಯ ಮೇಡಂ ಹತ್ತಿರ ಹೇಳಿದೆವು. “ಲಿಹೂನ್ ದ್ಯಾ” ಅಂದರು. ಬರೆದುಕೊಟ್ಟೆವು. ಈಗ ರಿಜಿಸ್ಟರಿನಲ್ಲಿ ‘ದೋಷ’ ಎಂದು ಹೊಸ ಕಾಲಮ್ಮು ಬಂದಿದೆ. ಸವೆತದಿಂದ ಕೆಟ್ಟದ್ದನ್ನು ತಾವಾಗಿ ಬರೆದವರಿಗೆ ದಂಡವಿಲ್ಲ ಎಂದೂ ಒಪ್ಪಿದ್ದಾರೆ.

ಇನ್ನು ಒರೆಸಿ ಇಡುವ ವಿಷಯ. ಮುಂಬಯಿಯ ಮಳೆಗಾಲ ಕ್ಯಾಮರಾದ ಶತ್ರು. ಲೆನ್ಸಿನಲ್ಲಿ ಬೂಷ್ಟು ಹಿಡಿದು ಗಾಜಿನ ಲೇಪ ತಿಂದರೆ ಕಲೆ ಮತ್ತೆ ಹೋಗುವುದಿಲ್ಲ. ಆದ್ದರಿಂದ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕು. ಏಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಚೀಲ ತೆರೆಯಬೇಡಿ, ತಣ್ಣಗಿನ ಗಾಜಿನ ಮೇಲೆ ತೇವ ಕೂರುತ್ತದೆ. ಅರ್ಧ ಗಂಟೆ ಬಿಡಿ. ಅಂಗಿಯ ತುದಿಯಿಂದ ಲೆನ್ಸ್ ಒರೆಸಿದರೆ ಮರಳಿನ ಕಣ ಗೀರುತ್ತದೆ. ಮೊದಲು ರಬ್ಬರಿನ ಬ್ಲೋಯರಿನಿಂದ ಧೂಳು ಹಾರಿಸಿ, ಆಮೇಲೆ ಮೆತ್ತನೆಯ ಬಟ್ಟೆ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿ ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿಟ್ಟರೆ ಹಾಳಾಗುತ್ತದೆ, ಸುಮಾರು ಅರ್ಧ ಚಾರ್ಜಿನಲ್ಲಿ ಇಡುವುದು ಒಳ್ಳೆಯದು. ಕಾರ್ಡಿನಲ್ಲಿದ್ದುದನ್ನು ಎರಡು ಕಡೆ ನಕಲು ಮಾಡದೆ ಅಳಿಸಬೇಡಿ. ಹೊರಡುವ ಹಿಂದಿನ ದಿನ ಅರ್ಧ ಗಂಟೆ ಓಡಿಸಿ ನೋಡಿ.

ಹೊಸ ಕಾಲಮ್ಮಿನಲ್ಲಿ ಈವರೆಗೆ ಮೂರು ಬರಹಗಳಿವೆ. ಮೊದಲನೆಯದು ನಮ್ಮದು: ‘ಬ್ಯಾಟರಿ ಇಪ್ಪತ್ತು ನಿಮಿಷ ಮಾತ್ರ, ಚಾರ್ಜರ್ ಪಿನ್ ಸಡಿಲ.’ ಎರಡನೆಯದು ಟ್ರೈಪಾಡಿನ ಕಾಲಿನದು. ಮೂರನೆಯದು ಆ ನಮ್ಮ ಮಿತ್ರನದೇ. ಮೈಕಿನ ಕ್ಲಿಪ್ಪು ಮುರಿದಿದೆ ಎಂದು ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿದ್ದಾನೆ.