ಸಾಣೆ ಹಿಡಿದ ಚಾಕು

ಗುರುಮಠದ ತೋಟದಲ್ಲಿ ಹಿರಿಯ ಮಾಲಿಯೊಬ್ಬರು ನನಗೆ ಕಸಿ ಕಟ್ಟುವುದನ್ನು ಕಲಿಸಿದರು. ಅವರ ಕೈಯಲ್ಲಿದ್ದ ಮಡಚುವ ಚಾಕುವಿನ ನೆನಪು ಇಂದಿಗೂ ಮಾಸಿಲ್ಲ. ಕೆಲವು ವರ್ಷಗಳ ಹಿಂದೆ, ಅಂಥದೇ ಒಂದು ಹಳೆಯ ಚಾಕು ದೂರದ ಊರಿನ ಹಿರಿಯರೊಬ್ಬರ ಬಳಿ ಇದೆಯೆಂದೂ, ಅದು ಅವರ ತಂದೆಯದೆಂದೂ, ಮಾರುವ ಮನಸ್ಸಿದೆಯೆಂದೂ ಪರಿಚಿತರು ತಿಳಿಸಿದಾಗ ಮನಸ್ಸು ಹಿಗ್ಗಿತು.

ಮೊಬೈಲಿಗೆ ಒಂದು ಚಿತ್ರ ಬಂದಿತು. ಅಲಗಿನ ಬುಡದಲ್ಲಿ ಜರ್ಮನಿಯ ಜೋಲಿಂಗೆನ್ ನಗರದ ಹೆಸರಿನ ಮುದ್ರೆಯಿತ್ತು. ಚಾಕು, ಕತ್ತರಿಗಳಿಗೆ ಹೆಸರಾದ ಈ ನಗರದ ಹೆಸರನ್ನು ಬೇರೆಡೆ ತಯಾರಾದ ಅಲಗುಗಳ ಮೇಲೆ ಒತ್ತಬಾರದೆಂದು ಅಲ್ಲಿ 1938ರಲ್ಲಿಯೇ ಕಾನೂನು ಬಂದಿದೆ. ಆ ಮುದ್ರೆಯನ್ನೇ ನಂಬಿ, ಬೇರೇನೂ ಕೇಳದೆ, 1,800 ರೂಪಾಯಿ ಕಳುಹಿಸಿದೆ.

ಪೊಟ್ಟಣ ಬಿಚ್ಚಿದಾಗ ಎದೆ ಕುಸಿಯಿತು. ಕಸಿ ಚಾಕುವಿನ ಅಲಗಿಗೆ ಒಂದು ಬದಿ ಚಪ್ಪಟೆಯಾಗಿಯೂ ಇನ್ನೊಂದು ಬದಿ ಇಳಿಜಾರಾಗಿಯೂ ಇರಬೇಕು. ಆಗಲೇ ಕೊಯ್ತ ಸಮತಟ್ಟಾಗಿ ಬಂದು, ಎರಡು ಗಿಡಗಳ ಗಾಯಗಳು ಒಂದಕ್ಕೊಂದು ಅಂಟಿಕೊಳ್ಳುವುವು. ಇಲ್ಲಿ ಎರಡೂ ಬದಿ ಯಂತ್ರದ ಸಾಣೆಗೆ ಸಿಕ್ಕಿದ್ದವು. ಚಿತ್ರದಲ್ಲಿ ಕಾಣದಿದ್ದ ಬದಿಯಲ್ಲಿ ತುಕ್ಕು ತಿಂದ ಗುಳಿಗಳು. ತುದಿಯಲ್ಲಿ ನೀಲಿ ಬಣ್ಣ! ಒಣ ಸಾಣೆಯ ಉಜ್ಜುವಿಕೆಯಿಂದ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಾಗ ಆ ನೀಲಿ ಮೂಡುತ್ತದೆ. ಇಂಥ ಉಕ್ಕಿಗೆ ಅಷ್ಟು ಕಾವು ತಗಲಿದರೆ ಅದರ ಹದ ಕೆಡುತ್ತದೆ. ಅನಂತರ ಎಷ್ಟು ಮಸೆದರೂ ಹರಿತ ಬಹಳ ಹೊತ್ತು ನಿಲ್ಲದು.

ಇತರರಿಗೆ ತಾಳ್ಮೆಯನ್ನು ಬೋಧಿಸುವ ನಾನು ಆ ರಾತ್ರಿ ಬರೆದ ಸಂದೇಶದಲ್ಲಿ 'ಮೋಸ' ಎಂಬ ಪದ ಮೂರು ಬಾರಿ ಬಂದಿತ್ತು. ಏಕೋ ಕಳುಹಿಸಲಿಲ್ಲ. ಬೆಳಿಗ್ಗೆ ಫೋನ್ ಮಾಡಿ, ಕಂಡದ್ದನ್ನಷ್ಟೇ ಹೇಳಿದೆ: ಎರಡೂ ಬದಿ ಸವೆದಿದೆ, ತುದಿ ನೀಲಿಯಾಗಿದೆ.

ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ ಅವರು, "ಫಾದರ್, ಮೊಂಡು ಚಾಕು ಕಳುಹಿಸಬಾರದೆಂದು ಚಿತ್ರ ತೆಗೆದ ಮೇಲೆ ನಾನೇ ಸಾಣೆ ಹಿಡಿಸಿದೆ. ಅಪ್ಪನ ಚಾಕುವನ್ನು ನಾನೇ ಕೆಡಿಸಿಬಿಟ್ಟೆನೇ?" ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಇಲ್ಲವೆಂದರೆ ಸುಳ್ಳು, ಹೌದೆಂದರೆ ಗಾಯ. "ತುದಿ ಮಾತ್ರ ಕೆಟ್ಟಿದೆ, ಬುಡದ ಉಕ್ಕು ಇನ್ನೂ ಗಟ್ಟಿಯಾಗಿದೆ" ಎಂದೆ. ಅದು ನಿಜವೂ ಆಗಿತ್ತು. ಅವರು ಪೂರ್ತಿ ಹಣ ಮರಳಿಸಲು ಮುಂದಾದರು. ನಾನು ಅರ್ಧವನ್ನು ಪಡೆದೆ.

ಪ್ರಿಯ ಓದುಗರೇ, ನಷ್ಟವಾದಾಗ ಬಾಯಿಮುಚ್ಚಿ ಕೂರುವುದೇ ಸದ್ಗುಣವೆಂದು ನಾನು ಹೇಳುತ್ತಿಲ್ಲ. ವಸ್ತುವಿನ ದೋಷವನ್ನು ಮಾರಿದವರಿಗೆ ತಡಮಾಡದೆ ತಿಳಿಸುವುದು ನ್ಯಾಯ. ಆದರೆ ವಸ್ತುವಿನ ದೋಷ ಬೇರೆ, ಮನುಷ್ಯನ ದೋಷ ಬೇರೆ. ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಎರಡನೆಯದನ್ನು ನಾವು ಬಹುಪಾಲು ಊಹಿಸಿಕೊಳ್ಳುತ್ತೇವೆ. ನನ್ನ ಪಾಲಿನ ತಪ್ಪೂ ಇತ್ತು. ಎರಡೂ ಬದಿಯ ಚಿತ್ರ ಬೇಕೆಂದು ನಾನು ಕೇಳಲಿಲ್ಲ. ಇದ್ದ ಹಾಗೆಯೇ ಕಳುಹಿಸಿ, ಸಾಣೆ ಹಿಡಿಸಬೇಡಿ ಎಂಬ ಒಂದು ಮಾತು ಆಡಿದ್ದರೆ ಆ ಚಾಕು ಉಳಿಯುತ್ತಿತ್ತು. ಹಿಡಿಸದಿದ್ದರೆ ಮರಳಿಸಬಹುದೇ ಎಂಬುದನ್ನೂ ಹಣ ಕೊಡುವ ಮುನ್ನವೇ ಮಾತಾಡಿಕೊಳ್ಳಬೇಕಿತ್ತು.

ನೀಲಿಯಾದ ಭಾಗವನ್ನು ನೀರು ಹಾಕಿದ ಕಲ್ಲಿನ ಮೇಲೆ ಹಲವು ಸಂಜೆ ನಿಧಾನವಾಗಿ ಮಸೆದು ತೆಗೆದೆ. ಅಲಗು ಗಿಡ್ಡವಾಯಿತು. ಕಸಿಗೆ ಅದು ಒದಗದು; ಕಸಿ ಕಟ್ಟುವ ಪಟ್ಟಿಯನ್ನು ಕತ್ತರಿಸಲು ಸಾಕು. ಕಳೆದ ಮಳೆಗಾಲದಲ್ಲಿ ಆ ಹಿರಿಯರು ಫೋನ್ ಮಾಡಿ, "ಅಪ್ಪನ ಚಾಕು ಏನಾದರೂ ಕೆಲಸಕ್ಕೆ ಬರುತ್ತಿದೆಯೇ, ಫಾದರ್?" ಎಂದು ಕೇಳಿದರು. "ದಿನವೂ ಜೇಬಿನಲ್ಲಿರುತ್ತದೆ" ಎಂದೆ. ಅದನ್ನು ಹೇಳುವಾಗ ಯೋಚಿಸಬೇಕಾಗಲಿಲ್ಲ.