ಕಲ್ಲಿಗೆ ತಾಗಿದ ದೋಣಿ

ಮೇ ತಿಂಗಳ ಸಂಜೆ, ಮೈಸೂರಿನ ಹೊರಗೆ ಕೆಆರ್‌ಎಸ್ ಹಿನ್ನೀರು. 124.80 ಅಡಿಗೆ ತುಂಬುವ ಜಲಾಶಯ ಈಗ ಬಹಳ ಇಳಿದಿದೆ. ಗಾಳಿ ಜೋರು. ಲೇಸರ್ ಹಾಯಿದೋಣಿಯ ಅಂಚಿನಲ್ಲಿ ಕೂತು ಮೈಯನ್ನು ಹೊರಕ್ಕೆ ಚಾಚಿದ್ದೀರಿ. ಧಡ್! ದೋಣಿ ನಿಂತುಬಿಟ್ಟಿತು, ನೀವು ಮುಂದಕ್ಕೆ ಮುಗ್ಗರಿಸಿದಿರಿ.

"ಅಲ್ಲಿ ಹಳೇ ಕಲ್ಲುಕಟ್ಟು ಅದೆ ಸಾ, ನೀರಿಳ್ದಾಗ ಅತ್ಲಾಗೆ ಹೋಗ್ಬ್ಯಾಡಿ!" ತೆಪ್ಪದಲ್ಲಿ ಬಲೆ ಎತ್ತುತ್ತಿದ್ದವರು ಕೂಗುತ್ತಾರೆ. 1911ರಲ್ಲಿ ಕಟ್ಟಲು ಶುರುಮಾಡಿದ ಅಣೆಕಟ್ಟೆಯ ಹಿಂದೆ ಕನ್ನಂಬಾಡಿಯ ಮನೆ, ಹೊಲಗಳೆಲ್ಲ ಮುಳುಗಿದವು. ವೇಣುಗೋಪಾಲಸ್ವಾಮಿ ಗುಡಿಯನ್ನು ಮುಂದೆ ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಗೋಡೆ, ಬದುಗಳು ನೀರಡಿಯಲ್ಲೇ ಉಳಿದವು.

ಹಾಯಿಯ ಹಗ್ಗ ಸಡಿಲಬಿಡಿ. ನಡುವಿನ ಸೀಳಿನಿಂದ ನೀರಿಗಿಳಿದಿರುವ ಹಲಗೆ, ಅಂದರೆ ಡ್ಯಾಗರ್‌ಬೋರ್ಡನ್ನು ಮೇಲಕ್ಕೆಳೆಯಿರಿ, ಚುಕ್ಕಾಣಿಯ ಹಲಗೆಯನ್ನೂ ಎತ್ತಿ. ಕೆಳಗಿಳಿದು ದೋಣಿಯನ್ನು ತೇಲಿಸಿಕೊಂಡೇ ದಡಕ್ಕೆ ತನ್ನಿ. ಕಲ್ಲಿನ ಮೇಲೆ ಎಳೆದರೆ ಗಾಯ ದೊಡ್ಡದಾಗುತ್ತದೆ. ದಡದಲ್ಲಿ ಹಾಯಿಯ ಕಂಬವಾದ ಮಾಸ್ಟನ್ನು ಕಿತ್ತಿಡಿ. ಒಡಲು 59 ಕಿಲೋ, ಇಬ್ಬರು ಸೇರಿ ಮಗುಚಬಹುದು.

ತಳದಲ್ಲಿ ಗೇಣುದ್ದ ಗೀರು ಕಾಣುತ್ತದೆ. ಕಣ್ಣು ಅಲ್ಲೇ ನೆಡುತ್ತದೆ, ಆದರೆ ಹೊಡೆತ ತಿಂದ ಜಾಗ ಅದಲ್ಲ. ಬೋರ್ಡಿನ ತುದಿ ಕಲ್ಲಿಗೆ ತಾಗಿ ಹಿಂದಕ್ಕೆ ತಳ್ಳಿಸಿಕೊಂಡಾಗ ಅದರ ತಲೆ ಮುಂದಕ್ಕೆ ಒತ್ತಿತು. ಹಾಗಾಗಿ ಬೋರ್ಡ್ ಇಳಿಯುವ ಸೀಳಿನ ಕೆಳಗಿನ ಹಿಂಬದಿಯನ್ನೂ ಮೇಲಿನ ಮುಂಬದಿಯನ್ನೂ ನೋಡಬೇಕು. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮಸಿಯ ಕೈ ಆಡಿಸಿ. ಅಗೋ, ಸೀಳಿನ ಹಿಂದಿನ ಮೂಲೆಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಎದ್ದಿತು. ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ ಸುತ್ತ ನಾಣ್ಯದಿಂದ ತಟ್ಟುತ್ತ ಬನ್ನಿ. ಟಣ್, ಟಣ್, ಟಣ್, ಆಮೇಲೆ ಡಬ್. ಅಲ್ಲಿ ಫೈಬರಿನ ಪದರ ಬಿಟ್ಟಿದೆ. ಹೆಬ್ಬೆರಳಿಂದ ಒತ್ತಿದರೆ ಮೆತ್ತಗೆ ಒಳಹೋಗುತ್ತದೆ.

ಈಗ ದೋಣಿಯನ್ನು ನೆಟ್ಟಗೆ ಮಾಡಿ. ಲೇಸರಿನ ಮಾಸ್ಟಿಗೆ ಕಟ್ಟುತಂತಿಗಳಿಲ್ಲ, ಒಂದು ಗುಂಡಿಯಲ್ಲಿ ನಿಂತಿರುತ್ತದೆ ಅಷ್ಟೆ. ದೋಣಿ ಥಟ್ಟನೆ ನಿಂತಾಗ ಮಾಸ್ಟಿನ ಎಳೆತವೆಲ್ಲ ಆ ಗುಂಡಿಗೆ. ಮಾಸ್ಟ್ ಕಿತ್ತ ಗುಂಡಿಗೆ ನೀರು ತುಂಬಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ. ಕಾಯುವುದೇ ಇಲ್ಲಿ ಕೆಲಸ, ದಯವಿಟ್ಟು ಅವಸರಪಡಬೇಡಿ. ಒಳಗೆ ಸೋರುತ್ತಿದ್ದರೆ ಮಟ್ಟ ಇಳಿಯುತ್ತದೆ, ಅಂಥ ದೋಣಿಯ ಮಾಸ್ಟ್ ಒಂದು ದಿನ ನಡುನೀರಿನಲ್ಲಿ ಡೆಕ್ ಸೀಳಿಕೊಂಡು ಬೀಳಬಹುದು. ನಿಮ್ಮದು ಇಳಿಯಲಿಲ್ಲ.

ಹಿಂಬದಿಯ ಬಿರಡೆ ಬಿಚ್ಚಿ ಮೂತಿ ಎತ್ತಿದರೆ ಸಣ್ಣ ಧಾರೆ ಬರುತ್ತದೆ. ಎಲ್ಲಿಂದ ನುಗ್ಗಿತು? ಒಡಲಿನ ಗಾಳಿಗೆಂದು ಬಿಟ್ಟ ಪುಟ್ಟ ತೂತಿಗೆ ಟೇಪ್ ಅಂಟಿಸಿ, ದೋಣಿಯನ್ನು ಮತ್ತೆ ಮಗುಚಿ, ಬಿರಡೆಯ ಜಾಗಕ್ಕೆ ಕೊಳವೆ ಕೊಟ್ಟು ಬಾಯಿಂದಲೇ ಊದಿ. ಕಂಪ್ರೆಸರ್ ಬೇಡವೇ ಬೇಡ, ಅಂಚಿನ ಬೆಸುಗೆಯೇ ಬಿಟ್ಟುಹೋದೀತು. ಜೊತೆಯ ಹುಡುಗ ಸೀಳಿನ ಸುತ್ತ ಸೋಪಿನ ನೀರು ಸವರುತ್ತಾನೆ. ಆ ಕಪ್ಪು ಗೆರೆಯ ಮೇಲೆ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತವೆ.

"ಟೇಪ್ ಹಾಕಿ ನಾಳೆ ಇಳಿಸೋಣ್ವಾ ಸಾರ್?" ಹುಡುಗ ಕೇಳುತ್ತಾನೆ.

ಬೇಡ. ಒಡಲು ಪೂರ್ತಿ ಒಣಗಬೇಕು, ಸಡಿಲ ಪದರ ಉಜ್ಜಿ ತೆಗೆದು ಎಪಾಕ್ಸಿಯಲ್ಲಿ ಹೊಸ ಫೈಬರ್ ಕೂರಿಸಬೇಕು. ಬಿರುಕಿನ ಎರಡೂ ತುದಿಗೆ ಗುರುತು ಹಾಕಿ ದೋಣಿಯನ್ನು ಟ್ರಾಲಿಗೆ ಏರಿಸಿ.