ವಿಮಾನಕ್ಕೆ ಯಾವ ಎಣ್ಣೆ?

ಎಣ್ಣೆಯ ವಿಚಾರದಲ್ಲಿ ನಮ್ಮ ಸೀಮೆಯವರಿಗೆ ಪರವೂರಿನವರು ಬುದ್ಧಿ ಹೇಳಬೇಕಾದುದಿಲ್ಲ. ಚಳ್ಳಕೆರೆಯು ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ನಮ್ಮ ಗೌರಸಮುದ್ರವಾದರೋ ಹೆಸರಿನಲ್ಲಿ ಮಾತ್ರ ಸಮುದ್ರ. ಮಳೆ ಅಪರೂಪವಾದ ಈ ನೆಲದಲ್ಲಿ ಶೇಂಗಾ ಬೆಳೆಯೇ ಒಕ್ಕಲಿಗನಿಗೆ ಆಧಾರ. ಒಗ್ಗರಣೆಗೆ ಶೇಂಗಾ ಎಣ್ಣೆ, ತಲೆಗೆ ಕೊಬ್ಬರಿ ಎಣ್ಣೆ, ಹೊಟ್ಟೆ ಕಟ್ಟಿದ ಮಗುವಿಗೆ ಹರಳೆಣ್ಣೆ, ಬಂಡಿಯ ಅಚ್ಚಿಗೆ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ—ಇದು ಹಿಂದಿನಿಂದ ಬಂದ ಕಟ್ಟಳೆ. ಈ ಪಟ್ಟಿಯಲ್ಲಿ ವಿಮಾನಕ್ಕೆ ಮಾತ್ರ ಸ್ಥಳವಿರಲಿಲ್ಲ.

ಅಮೆರಿಕದಲ್ಲಿರುವ ನಮ್ಮ ಸೋದರಳಿಯನು ಇಬ್ಬರು ಗೆಳೆಯರೊಡನೆ ಪಾಲು ಕೂಡಿ ನಾಲ್ಕು ಜನ ಕೂರುವ ಹಳೆಯ ವಿಮಾನವೊಂದನ್ನು ಕೊಂಡನು. ಅದರ ಲೈಕಮಿಂಗ್ ಎಂಜಿನ್ನನ್ನು ಬಿಚ್ಚಿಸಿ ಹೊಸದರಂತೆ ಮಾಡಿಸಿದ್ದೂ ಆಯಿತು. ಅದಕ್ಕೆ ಹಾಕತಕ್ಕ ಎಣ್ಣೆ ಯಾವುದೆಂದು ಮೂವರಲ್ಲಿ ಮೂರು ಮತವಾಗಿದೆಯೆಂದು ದೂರವಾಣಿಯಲ್ಲಿ ನಗುತ್ತ ಹೇಳಿದನು. ಅವನ ತಾಯಿ, ಎಂದರೆ ನಮ್ಮ ತಂಗಿ, ನಗಲಿಲ್ಲ. “ಮೊಮ್ಮಗಳನ್ನೂ ಕೂರಿಸಿಕೊಂಡು ಹಾರ್ತಾನಂತೆ. ಎಣ್ಣೆ ಇಲ್ಲದ ಬಂಡಿ ಹಾದೀಲಿ ನಿಂತೀತು. ಅದು ಎಲ್ಲಿ ನಿಲ್ಲಬೇಕು, ಅಣ್ಣಾ?” ಎಂದಳು. ಈ ಪ್ರಶ್ನೆಗೆ ಸಮಾಧಾನ ಹೇಳುವ ಸಲುವಾಗಿಯೇ ನಾವು ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ ತಿಳಿಯಬೇಕಾಯಿತು.

ಮೊದಲು ಕಂಡದ್ದೊಂದು ವಿನೋದ. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಹಾರಿದ ಅನೇಕ ವಿಮಾನಗಳಿಗೆ ನಮ್ಮ ಹರಳೆಣ್ಣೆಯೇ ಜೀವವಾಗಿತ್ತು. ಆ ಎಂಜಿನ್ನುಗಳ ಸಿಲಿಂಡರುಗಳೇ ಪಂಕದೊಡನೆ ಗಿರ್ರನೆ ಸುತ್ತುತ್ತಿದ್ದವು. ಪೆಟ್ರೋಲು ಬೆರೆತ ಗಾಳಿಯು ಎಂಜಿನ್ನಿನ ಒಡಲೊಳಗಿಂದಲೇ ಸಾಗಿ ಬರುತ್ತಿತ್ತು. ಖನಿಜ ತೈಲವು ಆ ಪೆಟ್ರೋಲಿನಲ್ಲಿ ಕರಗಿ ತೆಳ್ಳಗಾಗುವುದು. ಹರಳೆಣ್ಣೆಯು ಹಾಗೆ ಕರಗದೆ ಕಾದ ಲೋಹವನ್ನು ಬಿಗಿಯಾಗಿ ಹಿಡಿದಿರುವುದು. ಬಳಸಿದ ಎಣ್ಣೆಯು ತಿರುಗಿ ಬಾರದೆ ಹೊಗೆಯೊಡನೆ ಹೊರಬಿದ್ದು ವೈಮಾನಿಕನ ಮುಖಕ್ಕೂ ಬಾಯಿಗೂ ಸಿಡಿಯುತ್ತಿತ್ತು. ಅದರ ಪರಿಣಾಮವನ್ನು ಹರಳೆಣ್ಣೆ ಕುಡಿದು ಬೆಳೆದ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಸ್ಟ್ರಾಲ್ ಎಂಬ ಹೆಸರು ಸಹ ಈ ಎಣ್ಣೆಯ ಆಂಗ್ಲನಾಮದಿಂದಲೇ ಹುಟ್ಟಿತು. ಆದರೆ ಹರಳೆಣ್ಣೆ ಕಾಯುತ್ತ ಕಾಯುತ್ತ ಅಂಟಾಗುವುದು. ಸುತ್ತುವ ಎಂಜಿನ್ನುಗಳ ಕಾಲ ಮುಗಿಯುತ್ತಲೇ ಅದು ಆಕಾಶದಿಂದಿಳಿದು ಮತ್ತೆ ನಮ್ಮ ಮನೆಯ ಗೂಡಿಗೆ ಬಂದಿತು.

ಇನ್ನು ಮೂವರ ವಾದಕ್ಕೆ ಬರೋಣ. ಒಬ್ಬನು ಕಾರಿನ ಎಣ್ಣೆಯೇ ಸಾಕೆಂದನು, ಬೆಲೆಯೂ ಅಗ್ಗ. ಇದು ಸಲ್ಲದ ಮಾತು. ಇಂಥ ಎಂಜಿನ್ನು ಹಾರುವಾಗ ಸ್ವಲ್ಪ ಎಣ್ಣೆಯನ್ನು ಸುಡುತ್ತಲೇ ಇರುವುದು. ಕಾರಿನ ಎಣ್ಣೆಯಲ್ಲಿ ಬೆರೆಸಿದ ಲೋಹದ ಅಂಶಗಳು ಬೂದಿಯಾಗಿ ಸಿಲಿಂಡರಿನಲ್ಲಿ ಕೂತು, ಕೆಂಡದಂತೆ ಕಾದು, ಕಿಡಿ ಹಾರುವುದಕ್ಕೆ ಮುಂಚೆಯೇ ಪೆಟ್ರೋಲಿಗೆ ಬೆಂಕಿ ಹತ್ತಿಸಬಲ್ಲವು. ಹಾಗಾದರೆ ಪಿಸ್ಟನ್ನಿಗೆ ತೂತು ಬಿದ್ದೀತು. ಎರಡನೆಯವನು ಏನೂ ಬೆರೆಸದ ಸಾದಾ ಖನಿಜ ತೈಲವೆಂದನು. ನಮ್ಮ ಹುಡುಗನು ಬೂದಿಯುಳಿಸದೆ ಮಸಿಯನ್ನು ತಳಕ್ಕೆ ಕೂಡಗೊಡದ, ಚಳಿಗೂ ಬಿಸಿಗೂ ಒಗ್ಗುವ ಎಣ್ಣೆಯೆಂದನು. ಇವರಿಬ್ಬರ ಮಾತೂ ಸರಿ. ಕಾಲ ಬೇರೆ ಬೇರೆ. ಹೊಸ ಸಿಲಿಂಡರು ಮತ್ತು ಉಂಗುರಗಳು ಒಂದನ್ನೊಂದು ತೀಡಿ ಹೊಂದಿಕೊಳ್ಳಲು ಸಾಮಾನ್ಯವಾಗಿ ಮೊದಲಿನ ಸುಮಾರು 50 ಗಂಟೆ, ಅಥವಾ ಎಣ್ಣೆಯ ಖರ್ಚು ಒಂದು ಹದಕ್ಕೆ ಬರುವವರೆಗೆ, ಸಾದಾ ತೈಲವೇ ಯೋಗ್ಯ. ಆಮೇಲೆ ಎರಡನೆಯದು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಮಂದವಾದ ಎಣ್ಣೆ ಬೇಗ ಹರಿಯದು. ಆಗ 15ಡಬ್ಲ್ಯು-50ರಂಥದು ಅನುಕೂಲ.

ಡಬ್ಬಿಯ ಅಕ್ಷರಗಳಲ್ಲಿಯೂ ಎಚ್ಚರ ಬೇಕು. ವಿಮಾನದ ‘100’ ಎಂಬ ಎಣ್ಣೆಯ ಮಂದತನವು ಕಾರಿನ ಲೆಕ್ಕದಲ್ಲಿ 50. ‘80’ ಎಂಬುದು 40. ‘ಡಬ್ಲ್ಯು 100’ರಲ್ಲಿರುವ ಡಬ್ಲ್ಯು ಬೂದಿಯುಳಿಸದ ಜಾತಿಯ ಗುರುತು, 15ಡಬ್ಲ್ಯು-50ರಲ್ಲಿ ಅದೇ ಅಕ್ಷರಕ್ಕೆ ಚಳಿಗಾಲವೆಂದರ್ಥ. ಕೊನೆಯ ಮಾತು ಎಂಜಿನ್ನು ಮಾಡಿದವರ ಪುಸ್ತಕದ್ದು. ರೋಟ್ಯಾಕ್ಸ್ ಮೊದಲಾದ ಬೇರೆ ಎಂಜಿನ್ನುಗಳಿಗೆ ಬೇರೆಯೇ ವಿಧಿಯುಂಟು.

ಆದರೆ ತಂಗಿಯ ಭಯಕ್ಕೆ ನಿಜವಾದ ಉತ್ತರ ಡಬ್ಬಿಯಲ್ಲಿರಲಿಲ್ಲ. ಮೂವರೂ ಉದ್ಯೋಗಸ್ಥರು; ವಿಮಾನವು ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಿರುತ್ತಿತ್ತು. ಆ ಎಂಜಿನ್ನಿನಲ್ಲಿ ಕವಾಟಗಳನ್ನು ನಡೆಸುವ ದಂಡವು ಮೇಲುಗಡೆ ಇರುವುದು. ನಿಂತಲ್ಲಿಯೇ ನಿಂತರೆ ಅದರ ಮೇಲಿನ ಎಣ್ಣೆಯು ಇಳಿದುಹೋಗಿ, ತೇವ ತಗಲಿ, ತುಕ್ಕು ಹಿಡಿಯುವುದು. ನೆಲದ ಮೇಲೆಯೇ ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ಇನ್ನೂ ಕೇಡು: ಒಳಗೆ ನೀರಿನ ಪಸೆ ಹುಟ್ಟುವುದೇ ಹೊರತು ಅದನ್ನು ಆರಿಸುವಷ್ಟು ಎಣ್ಣೆ ಕಾಯುವುದಿಲ್ಲ. ಗಂಟೆಯಷ್ಟು ಹೊತ್ತು ಹಾರಿ ಎಣ್ಣೆಯು ಸುಮಾರು 80 ಡಿಗ್ರಿ ಸೆಂಟಿಗ್ರೇಡ್ ಕಾದರೆ ಪಸೆ ಆರುವುದು. ಸೋಸುವ ಫಿಲ್ಟರಿದ್ದರೆ 50 ಗಂಟೆಗೊಮ್ಮೆ, ಬರಿಯ ಜಾಲರಿಯಿದ್ದರೆ 25 ಗಂಟೆಗೊಮ್ಮೆ, ಹಾರಲಿ ಹಾರದಿರಲಿ 4 ತಿಂಗಳಿಗೊಮ್ಮೆ ಎಣ್ಣೆಯನ್ನು ಬದಲಿಸತಕ್ಕದ್ದು. ಹಳೆಯ ಫಿಲ್ಟರನ್ನು ಕತ್ತರಿಸಿ ಲೋಹದ ಚೂರುಗಳಿವೆಯೇ ಎಂದು ನೋಡಿದರೆ ಒಳಗಿನ ಸವೆತವು ಮುಂಚಿತವಾಗಿಯೇ ತಿಳಿಯಬಹುದು. ಜಾಡಿಯಲ್ಲಿ ಮರೆತ ಎಣ್ಣೆ ಕಮಟುವುದನ್ನು ಕಂಡ ಗೃಹಿಣಿಗೆ ಇದನ್ನು ತಿಳಿಸುವುದು ಕಷ್ಟವಾಗಲಿಲ್ಲ.

ಈಗ ಮೂವರೂ ಸರದಿ ಹಾಕಿಕೊಂಡು ಹಾರುತ್ತಾರೆ. ಎಣ್ಣೆ ಬದಲಿಸಿದ ದಿನವನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ.

ವಾಚಕರಲ್ಲಿ ವಿಮಾನವುಳ್ಳವರು ವಿರಳ. ಆದರೆ ಮೂಲೆಯಲ್ಲಿ ಹೊಲಿಗೆಯಂತ್ರ, ಜಗಲಿಯಲ್ಲಿ ಸ್ಕೂಟರು, ಹೊಲದಲ್ಲಿ ಟ್ರಾಕ್ಟರು ಇರುವ ಮನೆಗಳು ಬಹಳ. ಇವುಗಳಿಗೂ ಎಣ್ಣೆಯನ್ನು ಬೆಲೆಯಿಂದಾಗಲಿ ನೆರೆಯವರ ಹೊಗಳಿಕೆಯಿಂದಾಗಲಿ ಆರಿಸದೆ, ಮಾಡಿದವರು ಬರೆದುದನ್ನು ನೋಡಿ ಆರಿಸಿರಿ. ಆರಿಸಿದ ಮೇಲೆ ಯಂತ್ರವನ್ನು ಸುಮ್ಮನೆ ನಿಲ್ಲಗೊಡಬೇಡಿರಿ.